ಇಟಲಿಯ ಆಲೂ-ಚೀಸ್ ತಿನಿಸು, ಸೊರಬದ ಹಸಿ ಹಾಲು

ಈ ಅಂಕಣಕ್ಕೆ ಇತ್ತೀಚೆಗೆ ಬಂದ ಪತ್ರಗಳಲ್ಲಿ ಎರಡು ಪತ್ರಗಳು ಒಂದೇ ತಿನಿಸನ್ನು ಕುರಿತವು. ಮೊದಲನೆಯದು ಶಿಕಾರಿಪುರದಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ರಜೆಗೆ ಬಂದಾಗ ಮೊಬೈಲಿನಲ್ಲಿ ನೋಡಿಕೊಂಡು ‘ಫ್ರೀಕೊ’ ಎಂಬ ಇಟಲಿಯ ಹಳ್ಳಿ ತಿನಿಸನ್ನು ಮಾಡಿ ಬಡಿಸಿದನಂತೆ. ಆಲೂಗೆಡ್ಡೆ, ಈರುಳ್ಳಿ, ಚೀಸ್, ಅಷ್ಟೆ. ಮನೆಮಂದಿಗೆಲ್ಲ ರುಚಿಸಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇರುವ ತಂದೆಯವರು ತಾವು ತಿನ್ನಬಹುದೇ ಎಂದು ಕೇಳಿದ್ದಾರೆ. ಎರಡನೆಯದು ಸೊರಬ ತಾಲ್ಲೂಕಿನ ಗೃಹಿಣಿಯೊಬ್ಬರದು. ಮನೆಯಲ್ಲಿ ಎರಡು ಹಸುಗಳಿವೆ, ಅಂಗಡಿಯ ಚೀಸ್ ದುಬಾರಿ. ಹಾಲನ್ನು ಕಾಯಿಸದೆ ಹಸಿಯಾಗಿಯೇ ಹೆಪ್ಪುಗಟ್ಟಿಸಿದರೆ ಒಳ್ಳೆಯ ಚೀಸ್ ಆಗುತ್ತದೆಂದು ವಿಡಿಯೊದಲ್ಲಿ ಹೇಳುತ್ತಾರೆ, ಮಾಡಬಹುದೇ ಎಂಬುದು ಅವರ ಪ್ರಶ್ನೆ.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದು ಹಾಗಲ್ಲ. ಅದರಲ್ಲಿಯೂ ಅದು ಸೊರಬದಿಂದ ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಇಟಲಿಯ ಈಶಾನ್ಯ ಮೂಲೆಯಲ್ಲಿ, ಆಸ್ಟ್ರಿಯಾ ಮತ್ತು ಸ್ಲೊವೇನಿಯಾಗಳ ಗಡಿಗೆ ತಾಗಿಕೊಂಡು ಫ್ರಿಯೂಲಿ ಎಂಬ ಸೀಮೆಯಿದೆ. ಅದರ ಮೇಲ್ಭಾಗವೆಲ್ಲ ಬೆಟ್ಟ, ಕಾಡು, ಹುಲ್ಲುಗಾವಲು. ಅಲ್ಲಿನವರು ಹಸುವಿನ ಹಾಲಿನಿಂದ ಮಾಡುವ ಚೀಸ್‌ಗೆ ಮೊಂತಾಸಿಯೊ ಎಂದು ಹೆಸರು. ಅದು ಅಲ್ಲಿನ ಒಂದು ಪರ್ವತದ ಹೆಸರೂ ಹೌದು. ಚೀಸನ್ನು ಅಚ್ಚಿಗೆ ಒತ್ತಿದಾಗ ಅಂಚಿನಿಂದ ಹೊರಬಿದ್ದ ಚೂರುಪಾರುಗಳನ್ನು ಬಿಸಾಡದೆ ಬಾಣಲೆಯಲ್ಲಿ ಕರಗಿಸಿ ತಿನ್ನುತ್ತಿದ್ದುದೇ ಫ್ರೀಕೊದ ಮೂಲ. ಆಲೂಗೆಡ್ಡೆ ಇದಕ್ಕೆ ಸೇರಿದ್ದು ಆಮೇಲೆ. ದಕ್ಷಿಣ ಅಮೆರಿಕದ ಆ ಗೆಡ್ಡೆ ನಮಗೆ ಎಷ್ಟು ಪರಕೀಯವೋ ಅವರಿಗೂ ಅಷ್ಟೇ ಪರಕೀಯವಾಗಿತ್ತು. ಈಗ ಆಲೂಗೆಡ್ಡೆಯನ್ನು ತುರಿದು ಈರುಳ್ಳಿಯೊಂದಿಗೆ ಬೇಯಿಸಿ, ಅದರ ಅರ್ಧ ತೂಕದಿಂದ ಹಿಡಿದು ಸಮತೂಕದವರೆಗೂ ಚೀಸ್ ಸೇರಿಸಿ, ದಪ್ಪ ರೊಟ್ಟಿಯಂತೆ ತಟ್ಟಿ ಎರಡೂ ಬದಿ ಕೆಂಪಗೆ ಮಾಡುತ್ತಾರೆ. ಜೊತೆಗೆ ಪೊಲೆಂತ. ಪೊಲೆಂತ ಎಂದರೆ ಬೇರೇನಲ್ಲ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಶಿಕಾರಿಪುರದ ಓದುಗರು ಇದನ್ನು ಓದಿ ನಕ್ಕಾರು. ಅವರ ತಾಲ್ಲೂಕಿನ ಹೊಲಹೊಲದಲ್ಲಿ ಮೆಕ್ಕೆಜೋಳವಿದೆ, ಆದರೆ ಅದು ಲಾರಿ ಹತ್ತಿ ಕೋಳಿ ಆಹಾರಕ್ಕೆ ಹೋಗುತ್ತದೆ, ಅಡಿಗೆಮನೆಗೆ ಬರುವುದು ಅಪರೂಪ.

ಮೆಕ್ಕೆಜೋಳದ ಮಾತು ಬಂದುದರಿಂದ ಒಂದು ಸಂಗತಿ ಹೇಳಬೇಕು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಉತ್ತರ ಇಟಲಿಯ ಬಡ ರೈತರು ಮೂರು ಹೊತ್ತೂ ಬರಿಯ ಪೊಲೆಂತ ತಿಂದು ಪೆಲಾಗ್ರಾ ಎಂಬ ರೋಗಕ್ಕೆ ತುತ್ತಾದರು. ಬಿಸಿಲು ಬಿದ್ದ ಚರ್ಮ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಈ ರೋಗಕ್ಕೆ ಆ ಹೆಸರು ಕೊಟ್ಟವನು ಮಿಲಾನಿನ ವೈದ್ಯ ಫ್ರಾಪೊಲ್ಲಿ, 1771ರಲ್ಲಿ. ನಯಾಸಿನ್ ಎಂಬ ‘ಬಿ’ ಗುಂಪಿನ ಜೀವಸತ್ವದ ಕೊರತೆಯೇ ಇದರ ಕಾರಣ. ಜೋಳವೇ ಮುಖ್ಯ ಆಹಾರವಾಗಿದ್ದ ನಮ್ಮ ದಖ್ಖನಿನ ಬಡವರಲ್ಲಿಯೂ ಪೆಲಾಗ್ರಾ ಇತ್ತು, ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಅಭ್ಯಾಸ ಮಾಡಿದರು. ಮುದ್ದೆಯ ಜೊತೆಗೆ ಒಂದು ತುಂಡು ಚೀಸ್ ಸಿಗುತ್ತಿದ್ದವನಿಗೆ ಈ ರೋಗದ ಭಯ ಕಡಿಮೆ, ಏಕೆಂದರೆ ಹಾಲಿನ ಸಸಾರಜನಕದಿಂದ ದೇಹ ತಾನೇ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಆದ್ದರಿಂದ ಫ್ರೀಕೊ ಶೋಕಿಯ ತಿನಿಸಲ್ಲ. ಹಸಿವು ಬಲ್ಲ ಜನ ಕಂಡುಕೊಂಡ ತಿನಿಸು. ಅದರ ಬಗ್ಗೆ ನನಗೆ ಗೌರವವಿದೆ.

ಗೌರವ ಬೇರೆ, ತಟ್ಟೆ ತುಂಬ ಬಡಿಸಿಕೊಳ್ಳುವುದು ಬೇರೆ. ಗಟ್ಟಿ ಚೀಸ್ 100 ಗ್ರಾಂ ಎಂದರೆ ಸುಮಾರು 400 ಕ್ಯಾಲೊರಿ, 30 ಗ್ರಾಮಿಗೂ ಮೇಲ್ಪಟ್ಟು ಕೊಬ್ಬು. ಆ ಕೊಬ್ಬಿನಲ್ಲಿ ಬಹುಭಾಗ ರಕ್ತನಾಳಗಳಿಗೆ ಹಿತವಲ್ಲದ ಬಗೆಯದು. ಸಮತೂಕದ ಲೆಕ್ಕದಲ್ಲಿ 150 ಗ್ರಾಂ ಆಲೂಗೆಡ್ಡೆಗೆ 150 ಗ್ರಾಂ ಚೀಸ್ ಹಾಕಿದ ಒಂದು ತಟ್ಟೆಯಲ್ಲಿ 700 ಕ್ಯಾಲೊರಿಗೂ ಹೆಚ್ಚು ಶಕ್ತಿ ಅಡಗಿದೆ. ಹಿಮ ಬೀಳುವ ಬೆಟ್ಟದಲ್ಲಿ ಬೆಳಗಿನಿಂದ ಸೌದೆ ಕಡಿದವನಿಗೆ ಅದು ಸರಿಯೇ. ಶಿಕಾರಿಪುರದ ಸೆಖೆಯಲ್ಲಿ ಅಂಗಡಿಯ ಗಲ್ಲಾದ ಮುಂದೆ ಕುಳಿತವರಿಗೆ ಅಲ್ಲ. ಇನ್ನು ಉಪ್ಪು. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಒಂದು ತಟ್ಟೆಯ ಚೀಸ್ ಒಂದರಿಂದಲೇ ಅದರಲ್ಲಿ ದೊಡ್ಡ ಪಾಲು ಮುಗಿದುಹೋಗುತ್ತದೆ. ನಮ್ಮ ಅಂಗಡಿಗಳಲ್ಲಿ ಡಬ್ಬಿಯಲ್ಲಿ, ಬಿಲ್ಲೆಯಲ್ಲಿ ಸಿಗುವ ಸಂಸ್ಕರಿಸಿದ ಚೀಸ್‌ನಲ್ಲಿ ಸೋಡಿಯಂ ಇನ್ನೂ ಹೆಚ್ಚು. ಮೇಲೆ ಉಪ್ಪಿನಕಾಯಿ ಬೇರೆ ನೆಂಚಿಕೊಂಡರೆ ಕೇಳುವುದೇ ಬೇಡ.

ಆದರೂ ಶಿಕಾರಿಪುರದ ಹಿರಿಯರಿಗೆ ಬೇಡವೇ ಬೇಡ ಎನ್ನಲಾರೆ. ಸಕ್ಕರೆ ಕಾಯಿಲೆಯವರಿಗೆ ಆಲೂಗೆಡ್ಡೆ ವಿಷವೆಂಬ ಮಾತು ಅತಿಯಾಯಿತು. ಅದು ತರಕಾರಿಯಲ್ಲ, ಪಿಷ್ಟ. ಅಂದರೆ ಅನ್ನದ ಸಾಲಿನಲ್ಲಿ ಕೂರಬೇಕಾದ ಪದಾರ್ಥ ಎಂಬುದನ್ನು ನೆನಪಿಟ್ಟರೆ ಸಾಕು. ನಮ್ಮಲ್ಲಿ ನಡೆಯುವ ತಪ್ಪು ಇದೇ: ಅನ್ನದ ಜೊತೆಗೆ ಆಲೂಗೆಡ್ಡೆ ಪಲ್ಯ, ಚಪಾತಿಯ ಜೊತೆಗೆ ಆಲೂಗೆಡ್ಡೆ ಸಾಗು. ಈ ತಿನಿಸನ್ನು ತಿನ್ನುವ ಹೊತ್ತು ಅನ್ನ, ರೊಟ್ಟಿ ಎರಡನ್ನೂ ಬಿಟ್ಟು, ಅಂಗೈಯಗಲದ ಒಂದು ತುಂಡಿನ ಪಕ್ಕ ಸೊಪ್ಪಿನ ಪಲ್ಯವನ್ನೋ ಸೌತೆಕಾಯಿ ಕೋಸಂಬರಿಯನ್ನೋ ಧಾರಾಳವಾಗಿ ಬಡಿಸಿಕೊಳ್ಳಿ. ಹದಿನೈದು ದಿನಕ್ಕೊಮ್ಮೆಯಾದರೆ ಅಡ್ಡಿಯಿಲ್ಲ. ಮೂತ್ರಪಿಂಡದ ತೊಂದರೆಯೂ ಇದ್ದರೆ ಮಾತ್ರ ನಿಮ್ಮ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಆಲೂಗೆಡ್ಡೆಯ ಪೊಟ್ಯಾಸಿಯಂ, ಚೀಸ್‌ನ ರಂಜಕ ಎರಡೂ ಅಂಥವರಿಗೆ ಒಗ್ಗುವುದಿಲ್ಲ.

ನಮ್ಮ ಮನೆಗಳಿಗೆ ಒಪ್ಪುವಂತೆ ಅಳತೆ ಬದಲಿಸಿಕೊಳ್ಳುವುದು ಕಷ್ಟವಲ್ಲ. ನಾಲ್ವರಿಗೆ ಕಾಲು ಕಿಲೊ ಆಲೂಗೆಡ್ಡೆ, ಒಂದು ದೊಡ್ಡ ಈರುಳ್ಳಿ, 100 ಗ್ರಾಂ ಪನೀರ್, ಕೇವಲ 50 ಗ್ರಾಂ ಚೀಸ್ ಸಾಕು. ಆಲೂಗೆಡ್ಡೆಯ ಸಿಪ್ಪೆ ತೆಗೆದು ದಪ್ಪಗೆ ತುರಿದು, ಹೆಚ್ಚಿದ ಈರುಳ್ಳಿಯೊಂದಿಗೆ ಎರಡು ಚಮಚ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಮೆತ್ತಗಾಗುವವರೆಗೆ ಬೇಯಿಸಿ. ಇಪ್ಪತ್ತು ನಿಮಿಷವಾದರೂ ಬೇಕು, ಅವಸರ ಮಾಡಿದರೆ ತಳ ಹಿಡಿಯುತ್ತದೆ. ಪುಡಿಮಾಡಿದ ಪನೀರ್, ತುರಿದ ಚೀಸ್, ಕುಟ್ಟಿದ ಕಾಳುಮೆಣಸು ಹಾಕಿ ಕಲಸಿ, ಕಾವಲಿಯ ಮೇಲೆ ಒಂದು ಬೆರಳು ದಪ್ಪಕ್ಕೆ ಒತ್ತಿ ಬಿಡಿ. ತಳ ಗರಿಯಾದ ಮೇಲೆ ತಟ್ಟೆಯೊಂದನ್ನು ಮೇಲೆ ಕವುಚಿ, ಬೋರಲು ಮಾಡಿ, ಮತ್ತೆ ಕಾವಲಿಗೆ ಜಾರಿಸಿ. ಉಪ್ಪು ಹಾಕುವುದು ಬೇಡ, ಚೀಸ್‌ನಲ್ಲಿರುವುದೇ ಸಾಕು. ಪನೀರ್ ಒಂದನ್ನೇ ಹಾಕಿದರೆ ಆಗದೇ ಎಂದು ಕೇಳುವವರುಂಟು. ಹುಳಿ ಹಿಂಡಿ ಒಡೆದ ಹಾಲಿನ ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಹಾಗಾಗಿ ಆಲೂಗೆಡ್ಡೆಯನ್ನು ಹಿಡಿದಿಡಲು ಸ್ವಲ್ಪವಾದರೂ ಚೀಸ್ ಬೇಕಾಗುತ್ತದೆ. ಈ ಅಳತೆಯಲ್ಲಿ ಒಬ್ಬರ ಪಾಲಿಗೆ 200ರ ಆಸುಪಾಸು ಕ್ಯಾಲೊರಿ. ಇಟಲಿಯವರು ನೋಡಿದರೆ ಇದು ಫ್ರೀಕೊವೇ ಅಲ್ಲ ಎನ್ನಬಹುದು. ಅನ್ನಲಿ ಬಿಡಿ.

ಕೊಳ್ಳುವಾಗ ಒಂದೆರಡು ಎಚ್ಚರ. ಹಸಿರುಗಟ್ಟಿದ, ಮೊಳಕೆ ಬಂದ ಆಲೂಗೆಡ್ಡೆ ಬೇಡ. ಅದರಲ್ಲಿನ ಸೊಲನಿನ್ ಎಂಬ ನಂಜು ಬೇಯಿಸಿದರೂ ಹೋಗುವುದಿಲ್ಲ. ಚೀಸ್ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಸಸ್ಯಜನ್ಯ ಎಣ್ಣೆಯಿಂದ ಮಾಡಿದ, ಚೀಸ್‌ನಂತೆ ಕಾಣುವ ಪದಾರ್ಥವೂ ಮಾರುಕಟ್ಟೆಯಲ್ಲಿದೆ, ಅದಕ್ಕೆ ಹಾಲಿನ ಗುಣವಿಲ್ಲ. ಶಾಕಾಹಾರಿಗಳು ಹಸಿರು ಗುರುತು ನೋಡಿಕೊಳ್ಳಬೇಕು. ಇಟಲಿಯ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹೆಚ್ಚಿನವುಗಳ ಹಾಲನ್ನು ಹೆಪ್ಪುಗಟ್ಟಿಸುವುದು ಎಳೆಗರುವಿನ ಜಠರದಿಂದ ತೆಗೆದ ರೆನೆಟ್‌ನಿಂದ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಕೂಡ ಇದೆ, ಹಸಿರು ಗುರುತಿನ ಚೀಸ್‌ಗೆ ಅಂಥದನ್ನು ಬಳಸುತ್ತಾರೆ. ಕ್ಷಯರೋಗಕ್ಕೆ ಐಸೊನಿಯಾಜಿಡ್ ಮಾತ್ರೆ ನುಂಗುತ್ತಿರುವವರು ಹಳತಾದ ಗಟ್ಟಿ ಚೀಸ್ ತಿಂದರೆ ಕೆಲವೊಮ್ಮೆ ಮುಖ ಕೆಂಪಾಗಿ, ತಲೆ ಸಿಡಿದು, ಎದೆ ಬಡಿದುಕೊಳ್ಳುವುದುಂಟು. ಚಿಕಿತ್ಸೆ ಮುಗಿಯುವವರೆಗೆ ಅವರು ಚೀಸ್ ಬಿಡಲಿ. ಮಾತ್ರೆಯನ್ನು ಮಾತ್ರ ಬಿಡಬಾರದು.

ಇನ್ನು ಸೊರಬದ ಪತ್ರ. ವಿಡಿಯೊದಲ್ಲಿ ಹೇಳಿದ ಮಾತು ಸುಳ್ಳಲ್ಲ, ಅದೇ ತೊಂದರೆ. ಉಕ್ಕುವವರೆಗೆ ಕಾಯಿಸಿದ ಹಾಲಿಗೆ ರೆನೆಟ್ ಹಾಕಿದರೆ ಹೆಪ್ಪು ಗಟ್ಟಿಯಾಗುವುದಿಲ್ಲ. ಕಾವಿಗೆ ಹಾಲಿನ ಸಸಾರಜನಕದ ಸ್ವರೂಪವೇ ಬದಲಾಗಿರುತ್ತದೆ. ಆದ್ದರಿಂದ ಚೀಸ್ ಮಾಡುವ ಹುರುಪಿನವರು ಹಸಿ ಹಾಲೇ ಬೇಕೆನ್ನುತ್ತಾರೆ. ನಮ್ಮ ತಾಯಂದಿರು ಕರೆದ ಹಾಲನ್ನು ಒಲೆಯ ಮೇಲಿಟ್ಟು ಉಕ್ಕಿಸಿದ ಮೇಲೆಯೇ ಮಜ್ಜಿಗೆಗೆ ಹೆಪ್ಪು ಹಾಕುತ್ತಿದ್ದರು. ಗಿಣ್ಣವನ್ನು ಕೂಡ ಹಬೆಯಲ್ಲಿ ಬೇಯಿಸಿಯೇ ತಿನ್ನುತ್ತೇವೆ. ಏಕೆಂದು ಅವರಿಗೆ ಯಾರೂ ಸೂಕ್ಷ್ಮದರ್ಶಕದಲ್ಲಿ ತೋರಿಸಿರಲಿಲ್ಲ, ಆದರೂ ಮಾಡುತ್ತಿದ್ದರು. ಈಗ ಒಂದು ಪರದೇಶದ ರುಚಿಗಾಗಿ ಆ ಪದ್ಧತಿಯನ್ನು ಮುರಿಯುವುದಾದರೆ ಅದರ ಬೆಲೆ ಏನೆಂದು ತಿಳಿದಿರಬೇಕು. ಆಗತಾನೆ ಕರೆದ ನೊರೆಹಾಲನ್ನು ಹಾಗೆಯೇ ಕುಡಿದರೆ ಮಕ್ಕಳಿಗೆ ಬಲ ಬರುತ್ತದೆ ಎಂಬ ನಂಬಿಕೆಗೂ ನನ್ನ ಮಾತು ಅನ್ವಯಿಸುತ್ತದೆ.

ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಊರಿದೆ. ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಗೊತ್ತಿರದ ಈ ಊರಿನ ಹೆಸರು ಪ್ರಪಂಚದ ಎಲ್ಲ ವೈದ್ಯಕೀಯ ಗ್ರಂಥಗಳಲ್ಲಿದೆ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಹರಡಿದಾಗ ಆಫ್ರಿಕದ ಹಳದಿ ಜ್ವರ ಬಂತೇ ಎಂದು ಮೊದಲು ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಅದು ಹೊಸದೊಂದು ವೈರಸ್ ಎಂದೂ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿಯೆಂದೂ ತಿಳಿಯಿತು. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಅದೇ ಬಳಗದ ಯೂರೋಪಿನ ವೈರಸ್ ಮಧ್ಯ ಯೂರೋಪಿನ ಕಾಡುಗಳಲ್ಲಿ ಇದೆ, ಫ್ರೀಕೊ ಹುಟ್ಟಿದ ಫ್ರಿಯೂಲಿಯ ಬೆಟ್ಟಗಳಲ್ಲಿಯೂ ಇದೆ.

ಯೂರೋಪಿನ ಆ ವೈರಸ್ ಹಾಲಿನಿಂದಲೂ ಬರುತ್ತದೆ. ಉಣುಗು ಕಚ್ಚಿದ ಆಡು, ಕುರಿ, ಹಸುಗಳು ಕಾಯಿಲೆಯ ಯಾವ ಲಕ್ಷಣವನ್ನೂ ತೋರಿಸದೆ ಕೆಲವು ದಿನ ತಮ್ಮ ಹಾಲಿನಲ್ಲಿ ವೈರಸ್ ಹೊರಹಾಕುತ್ತವೆ. 1951ರಲ್ಲಿ ಸ್ಲೊವಾಕಿಯದ ರೊಜ್ನಾವಾ ಪಟ್ಟಣದಲ್ಲಿ ಹೀಗೆಯೇ ಹಾಲಿನಿಂದ ಆರುನೂರಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿತು. ಬಹಳ ಹಳೆಯ ಮಾತಾಯಿತು ಎನ್ನುವಂತಿಲ್ಲ. 2020ರಲ್ಲಿ ಫ್ರಾನ್ಸಿನ ಪೂರ್ವಭಾಗದಲ್ಲಿ ಆಡಿನ ಹಸಿ ಹಾಲಿನ ಚೀಸ್ ತಿಂದ ನಲವತ್ತಕ್ಕೂ ಹೆಚ್ಚು ಜನ ಇದೇ ಜ್ವರದಿಂದ ನರಳಿದರು.

ಇಲ್ಲಿ ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ನಮ್ಮ ಮಂಗನ ಕಾಯಿಲೆ ಹಾಲಿನಿಂದ ಬಂದದ್ದಕ್ಕೆ ಪುರಾವೆಯಿಲ್ಲ. ಅದು ಬರುವುದು ಕಾಡಿನ ಉಣುಗು ಕಚ್ಚುವುದರಿಂದ, ಮುಖ್ಯವಾಗಿ ಡಿಸೆಂಬರಿನಿಂದ ಮೇ ತನಕ. ಕಾಡಿನಲ್ಲಿ ಮೇಯುವ ದನಗಳು ಬೆಳೆದ ಉಣುಗುಗಳಿಗೆ ಆಹಾರವಾಗಿ ಅವುಗಳ ಸಂತತಿ ಹೆಚ್ಚಲು ನೆರವಾಗುತ್ತವೆ, ಅಷ್ಟು ನಿಜ. ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗದೆ 2022ರಲ್ಲಿ ಅದನ್ನು ಕೊಡುವುದನ್ನು ನಿಲ್ಲಿಸಿದ್ದರಿಂದ, ಸೊಪ್ಪು ದರಗು ತರಲು ಕಾಡಿಗೆ ಹೋಗುವವರು ಉಣುಗು ನಿವಾರಕ ತೈಲ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗುವುದೇ ಸದ್ಯದ ದಾರಿ. ಯೂರೋಪಿನ ಮಾತನ್ನು ನಾನು ತೆಗೆದದ್ದು ಇನ್ನೊಂದು ಕಾರಣಕ್ಕೆ. ಹಸಿ ಹಾಲಿನ ಚೀಸ್ ಶುದ್ಧ, ನೈಸರ್ಗಿಕ, ಅಲ್ಲಿನವರು ತಲೆಮಾರುಗಳಿಂದ ತಿಂದು ಗಟ್ಟಿಮುಟ್ಟಾಗಿದ್ದಾರೆ ಎಂದು ಹೇಳುವವರು ಅಲ್ಲಿನ ಆಸ್ಪತ್ರೆಗಳ ಕಥೆಯನ್ನು ಹೇಳುವುದಿಲ್ಲ.

ನಮ್ಮ ಕೊಟ್ಟಿಗೆಯ ನಿಜವಾದ ಶತ್ರು ಬೇರೆ. ಬ್ರೂಸೆಲ್ಲ ಎಂಬ ಸೂಕ್ಷ್ಮಜೀವಿ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ಕಾಡುತ್ತಿದ್ದ ಜ್ವರಕ್ಕೆ ಕಾರಣವಾದ ಇದನ್ನು ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ 1887ರಲ್ಲಿ ಗುರುತಿಸಿದ. ಅದು ಬರುವುದೆಲ್ಲಿಂದ ಎಂಬುದು ಗೊತ್ತಾಗಲು ಮತ್ತೂ ಹದಿನೆಂಟು ವರ್ಷ ಹಿಡಿಯಿತು. 1905ರಲ್ಲಿ ಜಮಿತ್ ಎಂಬ ಮಾಲ್ಟಾದ ವೈದ್ಯ, ನೋಡಲು ಆರೋಗ್ಯವಾಗಿದ್ದ ಆಡುಗಳಲ್ಲೇ ಅದಿರುವುದನ್ನು ತೋರಿಸಿಕೊಟ್ಟ. ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದ ಕೂಡಲೇ ಜ್ವರ ಇಳಿಯಿತು. ನಮ್ಮಲ್ಲಿ ಹಸು ಎಮ್ಮೆಗಳಿಗೆ ಈ ರೋಗ ತಗುಲಿದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತವೆ. ಆಮೇಲೆ ಹಸು ಚೆನ್ನಾಗಿಯೇ ಕಾಣುತ್ತದೆ, ಹಾಲನ್ನೂ ಕೊಡುತ್ತದೆ. ಆ ಹಾಲಿನಲ್ಲಿ ರೋಗಾಣು ಇರುತ್ತದೆ. ಹಸಿ ಹಾಲಿನ ಎಳೆಯ ಚೀಸ್‌ನಲ್ಲಿ ಅದು ವಾರಗಟ್ಟಲೆ ಬದುಕಬಲ್ಲದು. ಗರ್ಭಿಣಿಯರಿಗೆ ಹಸಿ ಹಾಲಿನ ಚೀಸ್‌ನಿಂದ ಲಿಸ್ಟೀರಿಯ ಎಂಬ ಮತ್ತೊಂದು ಸೂಕ್ಷ್ಮಜೀವಿಯ ಅಪಾಯವೂ ಉಂಟು, ಅದು ಗರ್ಭಪಾತಕ್ಕೆ ಕಾರಣವಾಗುತ್ತದೆ.

ತಿನಿಸನ್ನು ಹೇಗೂ ಕಾವಲಿಯ ಮೇಲೆ ಬೇಯಿಸುತ್ತೇವಲ್ಲ, ರೋಗಾಣು ಸಾಯದೇ ಎಂದು ಕೇಳಬಹುದು. ಚೆನ್ನಾಗಿ ಕಾದ ಭಾಗದಲ್ಲಿ ಸಾಯುತ್ತದೆ. ಆದರೆ ಮನೆಯಲ್ಲಿ ಮಾಡಿದ ಚೀಸನ್ನು ತುರಿಯುವವರು ಒಂದು ಚೂರು ಬಾಯಿಗೆ ಹಾಕಿಕೊಳ್ಳದೆ ಇರುತ್ತಾರೆಯೇ? ಮಕ್ಕಳು ಬಿಡುತ್ತಾರೆಯೇ? ಹಾಲು ಹಿಂಡಿದ ಕೈ, ಬಟ್ಟೆ, ತುರಿಯುವ ಮಣೆ, ಅಡಿಗೆ ಕಟ್ಟೆ ಎಲ್ಲಕ್ಕೂ ಅದು ತಗುಲಿರುತ್ತದೆ.

ಹಾಗಾದರೆ ಸೊರಬದ ಸೋದರಿ ಚೀಸ್ ಮಾಡುವುದೇ ಬೇಡವೇ? ಮಾಡಲಿ, ಆದರೆ ಹಾಲನ್ನು ಉಕ್ಕಿಸದೆ ಪಾಶ್ಚೀಕರಿಸಿ ಮಾಡಲಿ. ಒಂದು ಪಾತ್ರೆ ನೀರಿನೊಳಗೆ ಹಾಲಿನ ಪಾತ್ರೆಯಿಟ್ಟು, ಅಡಿಗೆಗೆ ಬಳಸುವ ಉಷ್ಣಮಾಪಕದಲ್ಲಿ ನೋಡುತ್ತ 63 ಡಿಗ್ರಿ ಸೆಲ್ಸಿಯಸ್‌ಗೆ ತಂದು, ಅದಕ್ಕಿಂತ ಇಳಿಯದಂತೆ ಪೂರಾ ಅರ್ಧ ಗಂಟೆ ಕಲಕುತ್ತ ಹಿಡಿದಿಡಬೇಕು. ಅದನ್ನು ಆರಿಸಿ ಕೈಗೆ ಉಗುರು ಬೆಚ್ಚಗಾದಾಗ ರೆನೆಟ್ ಹಾಕಿದರೆ ಹೆಪ್ಪು ಚೆನ್ನಾಗಿಯೇ ನಿಲ್ಲುತ್ತದೆ. ಡೇರಿಗಳಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸುವುದೂ ಇದೇ ಉದ್ದೇಶಕ್ಕೆ. ಉಷ್ಣಮಾಪಕವಿಲ್ಲದಿದ್ದರೆ ಅಂದಾಜಿನ ಮೇಲೆ ಈ ಕೆಲಸ ಮಾಡಬೇಡಿ. ಹಾಲನ್ನು ಉಕ್ಕಿಸಿ ನಿಂಬೆಹುಳಿ ಹಿಂಡಿ ಪನೀರ್ ಮಾಡಿಕೊಂಡು, ಚೀಸನ್ನು ಅಂಗಡಿಯಿಂದ ತನ್ನಿ. ಇನ್ನೂ ಒಂದು ಲೆಕ್ಕವಿದೆ. ಒಂದು ಕಿಲೊ ಗಟ್ಟಿ ಚೀಸ್‌ಗೆ ಹತ್ತು ಲೀಟರ್‌ನಷ್ಟು ಹಾಲು ಬೇಕು. ಮನೆಯಲ್ಲಿರುವುದು ಮಲೆನಾಡು ಗಿಡ್ಡವಾದರೆ, ಮನೆಗೆ ಬೇಕಾದ ಹಾಲು ಮಜ್ಜಿಗೆ ಕಳೆದು ಅಷ್ಟು ಹಾಲು ಉಳಿಯುವುದು ಯಾವಾಗ? ದುಬಾರಿ ಎನ್ನುವ ಅಂಗಡಿ ಚೀಸ್‌ನ 50 ಗ್ರಾಂ ಕೊನೆಗೆ ಅಗ್ಗವೇ ಆದೀತು.

ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಬ್ರೂಸೆಲ್ಲ ಲಸಿಕೆ ಹಾಕಿಸಬೇಕು. 2019ರಲ್ಲಿ ಕಾಲುಬಾಯಿ ರೋಗದ ಜೊತೆಗೆ ಇದನ್ನೂ ಸೇರಿಸಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿದೆ; ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹಸು ಕಂದು ಹಾಕಿದರೆ ಸತ್ತ ಕರುವನ್ನಾಗಲಿ ಮಾಸವನ್ನಾಗಲಿ ಬರಿಗೈಯಲ್ಲಿ ಎತ್ತಬೇಡಿ. ಕೈಚೀಲ ತೊಟ್ಟು, ಸುಣ್ಣ ಹಾಕಿ ಆಳವಾಗಿ ಹೂಳಿಸಿ, ನಾಯಿಗೆ ಸಿಗದಂತೆ ನೋಡಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಸಂಜೆ ಏರಿ ಬೆಳಿಗ್ಗೆ ಇಳಿಯುವ ಜ್ವರ, ಹಾಸಿಗೆ ಒದ್ದೆಯಾಗುವಷ್ಟು ಬೆವರು, ಸೊಂಟ ಕೀಲುಗಳ ನೋವು ಎರಡು ವಾರ ಕಳೆದರೂ ಬಿಡದಿದ್ದರೆ, ಗಂಡಸರಿಗೆ ವೃಷಣ ಊದಿಕೊಂಡರೆ, ಟೈಫಾಯ್ಡೋ ಕ್ಷಯವೋ ಎಂದು ಮನೆಯಲ್ಲೇ ತರ್ಕಿಸುತ್ತ ಕೂರಬೇಡಿ. ಆಸ್ಪತ್ರೆಗೆ ಹೋದಾಗ ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿತ್ತು, ಹಸಿ ಹಾಲು ಕುಡಿದಿದ್ದೆವು, ಹಸಿ ಹಾಲಿನ ಚೀಸ್ ತಿಂದಿದ್ದೆವು ಎಂಬುದನ್ನು ನೀವಾಗಿಯೇ ಹೇಳಿ. ಸಂದೇಹ ಬಂದರೆ ಮಾತ್ರ ವೈದ್ಯರು ಬ್ರೂಸೆಲ್ಲಕ್ಕೆಂದು ರಕ್ತ ಪರೀಕ್ಷೆ ಬರೆಯುತ್ತಾರೆ. ರೋಗ ಖಚಿತವಾದರೆ ಕನಿಷ್ಠ ಆರು ವಾರ ಔಷಧ ತೆಗೆದುಕೊಳ್ಳಬೇಕಾಗುತ್ತದೆ. ಒಂದು ವಾರದಲ್ಲಿ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದವರಿಗೆ ಅದು ಮರುಕಳಿಸುವುದುಂಟು.